ಲಾವಾಶಿಲೆಯ ದ್ವೀಪದಲ್ಲಿ

ಮಲ್ಪೆಯಿಂದ ದೋಣಿಯೇರಿ ಸೇಂಟ್ ಮೇರಿ ದ್ವೀಪಕ್ಕೆ ಹೋಗುವವರು ಬಹುಮಟ್ಟಿಗೆ ವಿಹಾರಕ್ಕೆಂದೇ ಹೋಗುವರು. 1498ರಲ್ಲಿ ವಾಸ್ಕೋ ಡ ಗಾಮನು ಅಲ್ಲಿಳಿದು ಹೆಸರಿಟ್ಟನೆಂದು ಪ್ರತೀತಿ, ಅದಿರಲಿ. ಅಲ್ಲಿ ನೋಡತಕ್ಕದ್ದು ಕಲ್ಲು. ಶಿಲ್ಪಿಯು ಕಡೆದು ನಿಲ್ಲಿಸಿದಂತೆ ಕಂಬಕ್ಕೆ ಕಂಬ ಒತ್ತಿ ನಿಂತಿವೆ. ಬಹಳಷ್ಟಕ್ಕೆ ಆರು ಮುಖ.

ಕಾಲೇಜಿನಲ್ಲಿ ಭೂಗರ್ಭಶಾಸ್ತ್ರವನ್ನು ಕಲಿಸುವ ಸೊಸೆಯೇ ನಮಗೆ ಮಾರ್ಗದರ್ಶಿನಿ. ಮಡಗಾಸ್ಕರವು ನಮ್ಮ ಭೂಭಾಗದಿಂದ ಅಗಲಿದ ಕಾಲದಲ್ಲಿ, ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಉಕ್ಕಿಬಂದ ಲಾವಾರಸವಂತೆ ಇದು. ಆರುತ್ತ ಕುಗ್ಗಿ, ಬತ್ತಿದ ಕೆರೆಯ ಕೆಸರಿನಂತೆ ಬಿರಿದು ಕಂಬಗಳಾದವು. ಪರಶುರಾಮನ ಕೊಡಲಿಯಿಂದ ಈ ಕರಾವಳಿ ಎದ್ದ ಕಥೆಯನ್ನು 30 ವರ್ಷ ಪಾಠ ಹೇಳಿದ ನನಗೆ ಈ ಲೆಕ್ಕವೂ ರುಚಿಸಿತು.

ಶಹಾಪುರದ ಮನೆಯನ್ನು ಮಾರಿ ಉಡುಪಿಗೇ ಬಂದಿರಬೇಕೆಂದು ಮಗನು ಎರಡು ವರ್ಷಗಳಿಂದ ಒತ್ತಾಯಿಸುತ್ತಿರುವನು. ಈ ವಿಹಾರವೂ ನಮ್ಮ ಮನಸ್ಸನ್ನೊಲಿಸಲೆಂದೇ ಇರಬೇಕು. ಆದರೆ ಸೊಸೆಯು ಮಾತು ಮುಂದುವರಿಸಿ, ನಮ್ಮೂರಿನ ಮಲಗಿದ ಬುದ್ಧನ ಗುಡ್ಡವೂ ಒಮ್ಮೆ ಶಿಲಾರಸವೇ, ನೆಲದಾಳದಲ್ಲಿ ಮೆಲ್ಲಮೆಲ್ಲನೆ ಆರಿದ ಗ್ರಾನೈಟು, 200 ಕೋಟಿ ವರ್ಷಗಳಿಗೂ ಮೇಲ್ಪಟ್ಟದ್ದು ಎಂದಳು.

ದೋಣಿಯಿಳಿದಂದಿನಿಂದ ನನ್ನ ಉತ್ತರೀಯವನ್ನು ಬಿಡದಿದ್ದ ನಮ್ಮ ಮನೆಯವಳು ಈಗ ಬಿಟ್ಟಳು. “ಅಂದ್ರ ನಮ್ಮ ಗುಡ್ಡಾನೇ ಹಿರೇದಲ್ಲೇನವ್ವಾ?”

“ಹೌದತ್ತೆ, ಬಹಳ ಹಿರಿಯದು.”

ಮಗನು ಮಾತಾಡಲಿಲ್ಲ. ಅಷ್ಟರಲ್ಲಿ ದೋಣಿಯವನು ಕೂಗಿದನು.