ಐಫೋನಿಗೆ ಸರಿಸಾಟಿ ಯಾರು?

ಇಂಜಿನಿಯರಿಂಗ್ ಓದುವಾಗ ಚಾಮರಾಜನಗರದ ರೂಮಿನಲ್ಲಿ ಈ ಪ್ರಶ್ನೆಗೆ ಎಷ್ಟು ರಾತ್ರಿ ಜಗಳವಾಡಿದ್ದೇವೋ ಲೆಕ್ಕವಿಲ್ಲ. ಯಾರ ಹತ್ತಿರವೂ ಐಫೋನ್ ಇರಲಿಲ್ಲ ಅನ್ನೋದು ಬೇರೆ ಮಾತು :) ನಾನು ಐಫೋನ್ ಪಕ್ಷ. 2007ರಲ್ಲಿ ಅದು ಬಂದ ಮೇಲೆ ನೋಕಿಯಾದಂಥ ನೋಕಿಯಾನೇ 2014ರಲ್ಲಿ ಫೋನ್ ವ್ಯಾಪಾರವನ್ನು ಮೈಕ್ರೋಸಾಫ್ಟಿಗೆ ಮಾರಿ ಎದ್ದುಹೋಯಿತು, ಉಳಿದವರದ್ದೇನು ಅಂತ ನನ್ನ ವಾದ.

2017ರಲ್ಲಿ ಒಂದು ರಾತ್ರಿ ಇದೇ ಜಗಳದ ಮಧ್ಯೆ ಗುಂಡ್ಲುಪೇಟೆಯಿಂದ ಅಪ್ಪನ ಮೆಸೇಜು ಬಂತು. 'ಉಟ ಆಯತ ಮಗ'. ದೀರ್ಘ ಇಲ್ಲ, ಒತ್ತು ಇಲ್ಲ. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಅಲ್ಲಿಯವರೆಗೆ ಅವರಿಗೆ ಫೋನೆಂದರೆ ಹಸಿರು ಗುಂಡಿ, ಕೆಂಪು ಗುಂಡಿ ಅಷ್ಟೇ. ಆ ಸಲ ಅರಿಶಿನ ಮಾರಿದ ದುಡ್ಡಲ್ಲಿ ಒಂದು ಅಗ್ಗದ ಆಂಡ್ರಾಯ್ಡ್ ತಗೊಂಡಿದ್ದರು, ಅಂಗಡಿ ಹುಡುಗ ಎಲ್ಲವನ್ನೂ ಕನ್ನಡಕ್ಕೆ ಹಾಕಿಕೊಟ್ಟಿದ್ದನಂತೆ. ಅಪ್ಪ ನನಗೆ ಬರೆದ ಮೊದಲ ಸಾಲು ಅದು. ಆಮೇಲೆ ವಾದ ಮಾಡೋಕೆ ಮನಸ್ಸಾಗಲಿಲ್ಲ...

ಆಂಡ್ರಾಯ್ಡ್ 5ರಲ್ಲಿ, ಅಂದರೆ 2014ರಲ್ಲೇ, ಇಡೀ ಫೋನನ್ನು ಕನ್ನಡದಲ್ಲಿ ನೋಡಬಹುದಿತ್ತು. ಐಫೋನಿಗೆ ತನ್ನದೇ ಕನ್ನಡ ಕೀಲಿಮಣೆ ಬಂದದ್ದು 2017ರ ಸೆಪ್ಟೆಂಬರಿನಲ್ಲಿ, ಐಓಎಸ್ 11ರ ಜೊತೆ. ತಮಾಷೆ ಅಂದರೆ ಅದೇ ವರ್ಷ ಬೆಂಗಳೂರಿನಲ್ಲಿ ಐಫೋನ್ ಜೋಡಿಸೋದೂ ಶುರುವಾಗಿತ್ತು! ಕ್ಯಾಮೆರಾ, ಪ್ರೊಸೆಸರ್ ಲೆಕ್ಕದಲ್ಲಿ ಯಾರು ಗೆದ್ದರೋ ಗೊತ್ತಿಲ್ಲ, ನಮ್ಮೂರಲ್ಲಿ ಪೈಪೋಟಿ ನಡೆದದ್ದು ಬೆಲೆ ಮತ್ತು ಭಾಷೆಯ ಮೇಲೆ.

ಕೆಲಸ ಸಿಕ್ಕ ಎರಡನೇ ವರ್ಷ ನಾನೂ ಐಫೋನ್ ಕೊಂಡೆ. ಊರಿಗೆ ಹೋದಾಗ ಅಪ್ಪ ಹಿಂದೆ ಮುಂದೆ ತಿರುಗಿಸಿ ನೋಡಿ, "ಇದ್ರಲ್ಲೂ ಕನ್ನಡ ಬತ್ತದಾ ಮಗ?" ಅಂದರು.

"ಈಗ ಬತ್ತದೆ ಕಣಪ್ಪ" ಅಂದೆ. ರೇಟು ಮಾತ್ರ ಅರ್ಧ ಹೇಳಿದೆ.