ಪಲೆರ್ಮೊದ ಬೇಸಿಗೆಗೊಂದು ಎಣ್ಣೆಯ ಜಾಡಿ

ನೀವು ವಸಂತದಲ್ಲಿ ಸಿಸಿಲಿಯ ಪಲೆರ್ಮೊಗೆ ಹೋದರೆ ಬಲ್ಲರೊ ಮಾರುಕಟ್ಟೆಯನ್ನು ನೋಡದೆ ಬರಬೇಡಿ. ಅಲ್ಲಿ ತಾವರೆ ಮೊಗ್ಗಿನಂತಹ, ಮುಳ್ಳಿನ ಹಸಿರು ಗೆಡ್ಡೆಗಳ ರಾಶಿ ಕಾಣುತ್ತದೆ. ಗೆಡ್ಡೆಯಲ್ಲ, ಅದು ಹೂವಿನ ಮೊಗ್ಗೇ, ಆರ್ಟಿಚೋಕ್. ಇಟಾಲಿಯನ್ನರ 'ಕಾರ್ಚೋಫೊ' ಅರಬಿಯ 'ಖರ್ಶೂಫ್'ನಿಂದ ಬಂದ ಪದ. 831ರಿಂದ 1072ರವರೆಗೆ ಈ ನಗರ ಮುಸ್ಲಿಮರ ಆಳ್ವಿಕೆಯಲ್ಲಿತ್ತು. ಆಳ್ವಿಕೆ ಹೋಯಿತು, ಹೆಸರು ಅಡುಗೆಮನೆಯಲ್ಲಿ ಉಳಿಯಿತು!

ಗಟ್ಟಿ ಎಸಳುಗಳನ್ನು ಕಿತ್ತು, ಕಪ್ಪಾಗದಂತೆ ನಿಂಬೆನೀರಿನಲ್ಲಿ ಹಾಕಿ, ವಿನೆಗರ್ ಬೆರೆಸಿದ ನೀರಿನಲ್ಲಿ ಬೇಯಿಸುತ್ತಾರೆ. ಚೆನ್ನಾಗಿ ಆರಿದ ಮೇಲೆ ಬೆಳ್ಳುಳ್ಳಿ, ಪುದೀನಾದೊಂದಿಗೆ ಆಲಿವ್ ಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. ನಮ್ಮ ಉಪ್ಪಿನಕಾಯಿಯಂತೆಯೇ, ಆದರೆ ಖಾರವಿಲ್ಲ. ಸೆಕೆಯ ಮಧ್ಯಾಹ್ನ ಒಲೆ ಹಚ್ಚುವ ಗೋಜಿಲ್ಲ. ಬ್ರೆಡ್ಡಿನ ಮೇಲೆ ನಾಲ್ಕು ಚೂರು, ಟೊಮೆಟೊ, ಚೀಸ್. ಇಲ್ಲವೇ ಬೇಯಿಸಿಟ್ಟ ಮೊಟ್ಟೆ, ಡಬ್ಬಿಯ ಟ್ಯೂನ ಮೀನು. ಜಾಡಿಯ ಎಣ್ಣೆಯನ್ನೇ ಮೇಲೆ ಸುರಿಯಿರಿ, ರುಚಿ ಅದರಲ್ಲೇ ಇದೆ.

ಅಂಗಡಿಯಲ್ಲಿ ಕೊಳ್ಳುವಾಗ ಮಾತ್ರ ಎಚ್ಚರ. ಸ್ಯಾಂಡ್‌ವಿಚ್‌ನಲ್ಲಿ ಇದರ ಜೊತೆ 'ಪ್ರೊಶುಟ್ಟೊ', ಅಂದರೆ ಹಂದಿಮಾಂಸ ಇರುವುದುಂಟು. 'ಸೆಂತ್ಸಾ ಮಯಾಲೆ' ಎನ್ನಿ, ಹಂದಿ ಬೇಡ ಎಂದರ್ಥ. ಬಿಸಿ ಪಲ್ಯವಾದರೆ ವೈನ್ ಹಾಕಿದ್ದಾರೆಯೇ ಎಂದೂ ಕೇಳಿ.

ಮನೆಯಲ್ಲೇ ಮಾಡುವ ಆಸೆಯಿದ್ದರೆ ವಿನೆಗರ್ ಬಿಡಬೇಡಿ. ಹುಳಿಯಿಲ್ಲದೆ ಎಣ್ಣೆಯಲ್ಲಿಟ್ಟ ತರಕಾರಿಯಲ್ಲಿ ಬೊಟುಲಿಸಂ ಎಂಬ ಕಾಯಿಲೆ ತರುವ ಮಾರಕ ವಿಷ ಹುಟ್ಟಬಹುದು. ಮೂಸಿ ನೋಡಿದರೂ ಗೊತ್ತಾಗದು. ಸ್ವಲ್ಪವೇ ಮಾಡಿ, ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನಗಳಲ್ಲಿ ಮುಗಿಸಿ.