ನಾನೂರ ನಲವತ್ತೊಂದು ಪಾಲು

ಕ್ರಿ.ಶ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಅದರ ಭಾಗಾಕಾರದ ಲೆಕ್ಕಗಳಲ್ಲೊಂದು ಹೊನ್ನಿನ ಹಂಚಿಕೆಯದು. ಹೊನ್ನಿನ ಸಂಖ್ಯೆಯನ್ನು ಅವರು ಮಾತಿನಲ್ಲೇ ಸೂಚಿಸುತ್ತಾರೆ: ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಅಂಕಗಳು. ಅಂದರೆ 12345654321; 1234 ಕೋಟಿ 56 ಲಕ್ಷ 54 ಸಾವಿರದ 321. ಇದನ್ನು 441 ಜನರಿಗೆ ಹಂಚಿದರೆ ಒಬ್ಬೊಬ್ಬರಿಗೆ 27994681 ಬರುತ್ತದೆ, ಶೇಷವೇನೂ ಉಳಿಯದು.

ಈ ಸಂಖ್ಯೆಯ ಗುಣಗಳು ಹಲವು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇದು 111111ರ ವರ್ಗ. 441 ಎಂಬುದು 21ರ ವರ್ಗವಾದರೆ, ಪಾಲಿಗೆ ಬಂದ 27994681 ಕೂಡ 5291ರ ವರ್ಗ. ಅಂಕಗಳ ಮೊತ್ತ 36 ಆದ್ದರಿಂದ 9ರಿಂದ ಭಾಗವಾಗುತ್ತದೆ. ಒಂದು ಬಿಟ್ಟು ಒಂದು ಅಂಕವನ್ನು ಕೂಡಿದರೆ 18, ಉಳಿದವುಗಳ ಮೊತ್ತವೂ 18. ಆದ್ದರಿಂದ 11ರಿಂದಲೂ ಭಾಗವಾಗುತ್ತದೆ.

ಹೊಸಪೇಟೆ, ಕಂಪ್ಲಿ, ಸಂಡೂರುಗಳ ವರ್ತಕರಿಗೆ ಇಂಥ ಪರೀಕ್ಷೆಗಳು ಕೇವಲ ವಿನೋದವಲ್ಲ. 5,240 ರೂಪಾಯಿಯನ್ನು ಖಾತೆಗೆ ಏರಿಸುವಾಗ 5,420 ಎಂದು ಬರೆದರೆ ತಾಳೆಪಟ್ಟಿಯಲ್ಲಿ 180ರ ವ್ಯತ್ಯಾಸ ಬರುತ್ತದೆ. ಅಂಕಗಳು ಸ್ಥಾನ ಬದಲಿಸಿದಾಗ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ನುರಿತ ಗುಮಾಸ್ತನು ಈ ಸುಳಿವನ್ನು ಹಿಡಿದೇ ತಪ್ಪನ್ನು ಹುಡುಕುತ್ತಾನೆ.

ಆದರೆ ಯಾರಾದರೂ ಬೇಕೆಂದೇ ಆಚಾರ್ಯರ ಸಂಖ್ಯೆಯ ಎರಡೂ ತುದಿಗಳಲ್ಲಿ 1 ಮತ್ತು 3ನ್ನು ಅದಲುಬದಲು ಮಾಡಿದರೆಂದು ಭಾವಿಸೋಣ. 32145654123 ಆಗುತ್ತದೆ. ಇದೂ ಎರಡು ಕಡೆಯಿಂದಲೂ ಒಂದೇ. ಮೊತ್ತ 36; 9ರ ಪರೀಕ್ಷೆಯಲ್ಲೂ 11ರ ಪರೀಕ್ಷೆಯಲ್ಲೂ ತೇರ್ಗಡೆ. ಆದರೂ ಇದು ಸುಳ್ಳು ಲೆಕ್ಕ. 441 ಜನರಿಗೆ ಹಂಚಲು ಕುಳಿತಾಗ 324 ಹೊನ್ನು ಹಂಚಿಕೆಯಾಗದೆ ಉಳಿದು, ಅದರ ಗುಟ್ಟು ಬಯಲಾಗುತ್ತದೆ.

ಕೈತಪ್ಪಿನಿಂದಾದ ದೋಷವನ್ನು ಪರೀಕ್ಷೆಗಳು ಹಿಡಿಯುತ್ತವೆ. ಉದ್ದೇಶಪೂರ್ವಕ ದೋಷವು ಪರೀಕ್ಷೆಗಳನ್ನು ಅರಿತೇ ಹುಟ್ಟುತ್ತದೆ. ಬಂದ ಕಾಣಿಕೆಯನ್ನು ಜಮೆಗೂ ಹಚ್ಚದೆ, ಕೈನಗದಿಗೂ ಸೇರಿಸದೆ ಬಿಟ್ಟರೆ ಅಡಾವೆ ಪತ್ರಿಕೆಯ ಎರಡೂ ಬದಿ ಸರಿಸಮವಾಗಿಯೇ ನಿಲ್ಲುತ್ತವೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ಯನ್ನು, ಅಂದರೆ ಸುಳ್ಳು ಬರಹವನ್ನು, ಎಣಿಸಿರುವುದು ಇದಕ್ಕಾಗಿಯೇ ಇರಬೇಕು.

ಹಂಪೆಯ ಗಾಣಿಗಿತ್ತಿ ಬಸದಿಯ ಮುಂದಿನ ಸ್ತಂಭಶಾಸನವು, 1385ರಲ್ಲಿ ಇರುಗಪ್ಪ ದಂಡನಾಯಕನು ಕುಂಥು ಜಿನನಾಥನಿಗೆ ಚೈತ್ಯಾಲಯವನ್ನು ಕಟ್ಟಿಸಿದ ಸಂಗತಿಯನ್ನು ಬಂದವರೆಲ್ಲರ ಕಣ್ಣಿಗೆ ಬೀಳುವಂತೆ ಸಾರುತ್ತದೆ. ಬಸದಿಯ ಆಡಳಿತ ಮಂಡಳಿಗಳೂ ವರ್ಷದ ಜಮಾ-ಖರ್ಚನ್ನು ಹಾಗೆಯೇ ಬಾಗಿಲ ಬಳಿ ತೂಗುಹಾಕಬೇಕು. ದಾನ ಕೊಟ್ಟವನು ತನ್ನ ರಸೀದಿಯನ್ನು ಹಿಡಿದು ಅಲ್ಲಿ ತನ್ನ ಸಾಲನ್ನು ಹುಡುಕಲಿ. ಲೆಕ್ಕವು ಪಾಲುದಾರರೆದುರು ನಿಂತಾಗಲೇ ಅದರ ಶೇಷವೆಷ್ಟೆಂದು ತಿಳಿಯುವುದು.